ಬಿಂದು ಮತ್ತು ತಲೆಕಟ್ಟು
ಅಮೂರ್ತ ಚಿತ್ರವನ್ನು ಅಕ್ಷರಗಳ ಪೋಸ್ಟರ್ ಮಾಡುವಾಗ ನಾವು ಮೊದಲು ಹೋಗೋದು ಮೊಂಡ್ರಿಯಾನ್ ಹತ್ತಿರ. ನಾನೂ ಅವರ 1930ರ ಕೆಂಪು, ನೀಲಿ, ಹಳದಿ ಚೌಕಗಳಲ್ಲಿ ‘ರಂಗ’ ಎಂದು ಬರೆದೆ; ನಮ್ಮ ದುಂಡು ಲಿಪಿ ಮುರಿದುಹೋಯಿತು. ಎಸ್.ಎಚ್. ರಜಾ ಅವರ ‘ಬಿಂದು’ ಹೆಚ್ಚು ಹತ್ತಿರ: ಹಳಗನ್ನಡ ವ್ಯಾಕರಣದಲ್ಲಿ ಅನುಸ್ವಾರಕ್ಕೂ ಅದೇ ಹೆಸರು.

1953ರಲ್ಲಿ ಆಂಧ್ರಕ್ಕೆ ಸೇರಿದ ರಾಯದುರ್ಗ, ಮಡಕಶಿರಗಳಲ್ಲಿ ಕನ್ನಡವೂ ಇದೆ, ತೆಲುಗೂ ಇದೆ. ಎರಡೂ ಲಿಪಿಯಲ್ಲಿ ಸೊನ್ನೆ ಒಂದೇ. ‘ರಂಗ’ದಲ್ಲಿ ಎದ್ದು ಕಾಣೋ ವ್ಯತ್ಯಾಸ ತಲೆಕಟ್ಟಿನದು: ಕನ್ನಡದ್ದು ಅಡ್ಡಗೆರೆ, ತೆಲುಗಿನದು ಮೇಲಕ್ಕೆ ಚಿಮ್ಮುವ ಗೀಟು. ಇಬ್ಬರಿಗೂ ಸಲ್ಲಲಿ ಅಂತ ಅದನ್ನೇ ಅಳಿಸಿದೆ. ಆಗ ‘ರ’ವೂ ಹೆಚ್ಚುಕಮ್ಮಿ ಸೊನ್ನೆಯಾಯಿತು! ಚಿತ್ರ ಗೆದ್ದಿತು, ಓದು ಸೋತಿತು. ಗಡಿಯಲ್ಲಿ ಕನ್ನಡ ಓದುವವರಿಗೆ ಆ ಗೆರೆಯೇ ಗುರುತು. ನನ್ನ ವಾದ ಇಷ್ಟೇ: ಬಿಂದು ಒಂದೇ ಇರಲಿ, ತಲೆಕಟ್ಟು ಎರಡನ್ನೂ ಬರೆಯೋಣ.