ಚಿತ್ತೆ ಕಳೆದ ಮೇಲಿನ ಗುಡ್ಡ

ಹಸ್ತ ಮಳೆ ಮುಗಿದು ಚಿತ್ತೆಯೂ ಕೈಬಿಡುವ ಹೊತ್ತಿಗೆ, ಅಂದರೆ ಅಕ್ಟೋಬರ್ 20ರ ಆಸುಪಾಸಿಗೆ, ನಮ್ಮ ಬೈಂದೂರು ಸೀಮೆಯ ಗುಡ್ಡಗಳಿಗೆ ವರ್ಷದ ಅತ್ಯುತ್ತಮ ದಿನಗಳು ಶುರುವಾಗುತ್ತವೆ. ಅಲ್ಲಿಂದ ಕಾರ್ತಿಕ ಮುಗಿಯುವವರೆಗೆ ಐದಾರು ವಾರ. ಕೊಡಚಾದ್ರಿಗೆ ಯಾವಾಗ ಹೋಗುವುದು ಒಳ್ಳೆಯದು ಎಂದು ಈ ಅಂಕಣದ ಓದುಗರು ಕೇಳುತ್ತಲೇ ಇರುತ್ತಾರೆ. ಮಳೆಗಾಲದಲ್ಲಿ ಹೋದರೆ ಮಂಜು ಬಿಟ್ಟು ಬೇರೇನೂ ಕಾಣದು. ಜನವರಿಯಲ್ಲಿ ಗುಡ್ಡವೇನೋ ಕಾಣುತ್ತದೆ, ಆದರೆ ಗುಡ್ಡದ ಮೇಲೆ ನಡೆಯಬೇಕಾದದ್ದೆಲ್ಲ ಅಷ್ಟರಲ್ಲಿ ನಡೆದುಹೋಗಿರುತ್ತದೆ. ನಡುವಿನ ಈ ವಾರಗಳಲ್ಲಿ ಗುಡ್ಡ ಒಣಗುತ್ತಿರುತ್ತದೆ. ಆ ಒಣಗುವುದನ್ನು ನೋಡುವುದಕ್ಕೇ ಹೋಗಬೇಕು, ಒಂದೇ ದಿನದಲ್ಲಿ ಹತ್ತಿ ಇಳಿಯಬೇಕು, ಪೂರಾ ಕಾಲ್ನಡಿಗೆಯಲ್ಲೇ ಹೋಗಬೇಕು ಎನ್ನುವುದು ನನ್ನ ಉತ್ತರ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ಮಳೆ ಕಂಡ ಊರಿನಲ್ಲೇ ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ, ಹಕ್ಕಲಿನ ಮೇಲೆ ಬರಿಗಾಲು ಊರಲಾಗುವುದಿಲ್ಲ, ದನಗಳು ಮೂಸಿ ನೋಡುವಷ್ಟೂ ಹಸಿರು ಉಳಿದಿರುವುದಿಲ್ಲ. ವರ್ಷದ ಅರ್ಧ ಕಾಲ ನಮ್ಮ ಗುಡ್ಡಗಳ ನೆತ್ತಿ ಮರುಭೂಮಿಯೇ. ಅಮೆರಿಕದ ಅರಿಝೋನಾದಲ್ಲಿ ಸೊನೋರಾನ್ ಮರುಭೂಮಿಯ ಬೆಟ್ಟಗಳನ್ನು ಹತ್ತುವವರೂ ಶರತ್ಕಾಲಕ್ಕೇ ಕಾಯುತ್ತಾರೆ. ಅಲ್ಲಿಯ ಹವಾಮಾನ ಇಲಾಖೆಯ ಲೆಕ್ಕದಲ್ಲೂ ಮುಂಗಾರು ಎಂದರೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಅಲ್ಲಿ ಬೀಳುವ ಮಳೆ ನಮ್ಮ ಒಂದು ವಾರದ ಮಳೆಗೂ ಸಾಟಿಯಲ್ಲದಿರಬಹುದು. ಆದರೂ ಮಳೆ ನಿಂತ ಮೇಲೆ ಬೆಟ್ಟ ಹತ್ತುವವನು ಅಲ್ಲಿಯೂ ಇಲ್ಲಿಯೂ ಹುಡುಕುವುದು ಒಂದನ್ನೇ: ನೀರು ಎಲ್ಲಿ ಉಳಿದಿದೆ, ಎಲ್ಲಿಂದ ಹೋಗಿಯಾಯಿತು.

ಇದನ್ನು ಕಲಿಯಲು ಕೊಡಚಾದ್ರಿಯವರೆಗೆ ಹೋಗಬೇಕಾಗಿಲ್ಲ. ಬಿಜೂರಿನ ಗದ್ದೆಬೈಲು ದಾಟಿ, ಹಾಡಿಯ ನೆರಳಿನಲ್ಲಿ ಮೂಡುದಿಕ್ಕಿಗೆ ಏರಿದರೆ ಮುರಕಲ್ಲಿನ ಹಕ್ಕಲು ಸಿಗುತ್ತದೆ. ನನ್ನ ಶರತ್ಕಾಲದ ನಡಿಗೆ ಪ್ರತಿ ವರ್ಷವೂ ಅಲ್ಲಿಂದಲೇ ಆರಂಭ. ದೂರದಿಂದ ಬೋಳು ಬಯಲು. ಕಪ್ಪುಗಟ್ಟಿದ ಕಲ್ಲು, ಅದರ ತುಂಬ ಗುಳಿಗಳು, ಗುಳಿಗಳಲ್ಲಿ ಬೆರಳುದ್ದ ನೀರು. ಸೆಪ್ಟೆಂಬರ್‌ನಲ್ಲಿ ಇಡೀ ಹಕ್ಕಲಿನ ಮೇಲೆ ತೆಳ್ಳಗೆ ನೀರು ಜಿನುಗುತ್ತಿರುತ್ತದೆ, ಕಾಲಿಟ್ಟಲ್ಲೆಲ್ಲ ಪಾಚಿ. ಅಕ್ಟೋಬರ್ ಮೂರನೆಯ ವಾರಕ್ಕೆ ಪಾಚಿ ಒಣಗಿ ಚಕ್ಕೆ ಎದ್ದಿರುತ್ತದೆ, ನೀರು ಗುಳಿಗಳಿಗೆ ಹಿಂಜರಿದಿರುತ್ತದೆ. ನವೆಂಬರ್ ಮಧ್ಯದಲ್ಲಿ ಆಳದ ಗುಳಿಗಳಲ್ಲಿ ಮಾತ್ರ ಒಂದಿಷ್ಟು ಕೆಸರು. ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ ನಡೆದರೆ ಈ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಅಪರೂಪಕ್ಕೆ ಬಂದವರಿಗೆ ಕಾಣುವುದು ಬರಿಯ ಬೋಳು ಬಯಲು.

ಈ ಕಲ್ಲು ಹುಟ್ಟಿದ್ದೇ ಇಂಥ ನೆನೆಯುವಿಕೆ, ಒಣಗುವಿಕೆಗಳಿಂದ. ಸುರಿಯುವ ಮಳೆ ನೆಲದ ಸಿಲಿಕಾವನ್ನು ಕರಗಿಸಿ ಒಯ್ದಿತು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದುಳಿದವು. ಬೇಸಗೆ ಅವುಗಳನ್ನು ಗಟ್ಟಿಮಾಡಿತು. ಲಕ್ಷಾಂತರ ವರ್ಷ ಹೀಗೇ ನಡೆಯಿತು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಇಟ್ಟ ಮೇಲೆ ಬಿರುಸಾಗುವ ಇದರ ಗುಣವನ್ನು ನಮ್ಮ ಕಲ್ಲು ಕಡಿಯುವವರು ತಲೆಮಾರುಗಳಿಂದ ಬಲ್ಲರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಕುಂದಾಪುರ, ಬೈಂದೂರು ಹಾದು ಭಟ್ಕಳದತ್ತ ಇದೇ ಕರಾವಳಿಯಲ್ಲಿ ಸಾಗಿದ್ದ. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಇಂಥದೇ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಅವನು ಕೊಟ್ಟದ್ದು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ. ಜಗತ್ತಿನ ಭೂವಿಜ್ಞಾನವೆಲ್ಲ ಆ ಹೆಸರನ್ನೇ ಬಳಸುತ್ತಿದೆ. ನಮ್ಮ ಮನೆಗಳ ಗೋಡೆ, ಬಾವಿಯ ಕಟ್ಟೆ, ತೋಟದ ಪಾಗಾರ ಎಲ್ಲವೂ ಇದೇ ಕಲ್ಲು.

ಹಕ್ಕಲಿನ ಮೇಲೆ ಮಂಡಿಯೂರಿ ಕೂತರೆ ಇನ್ನೊಂದು ಲೋಕವಿದೆ. ಕಲ್ಲಿನ ಮೇಲಿರುವ ಮಣ್ಣು ಅಬ್ಬಬ್ಬಾ ಎಂದರೆ ಎರಡು ಬೆರಳು ದಪ್ಪ. ಅದರಲ್ಲಿದ್ದ ಸಾರಜನಕವನ್ನು ಮಳೆ ತೊಳೆದುಹಾಕಿರುತ್ತದೆ. ಅಂಥಲ್ಲಿ ಬದುಕಬೇಕಾದ ಗಿಡಗಳು ಹುಳುಗಳನ್ನು ತಿನ್ನುವುದನ್ನು ಕಲಿತಿವೆ. ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡ ಒದ್ದೆ ಮಣ್ಣಿನಡಿ ಸಾಸಿವೆಗಿಂತ ಸಣ್ಣ ಚೀಲಗಳನ್ನು ಇಟ್ಟುಕೊಂಡು, ಬಳಿ ಸುಳಿಯುವ ಸೂಕ್ಷ್ಮ ಜೀವಿಗಳನ್ನು ಒಳಗೆಳೆದುಕೊಳ್ಳುತ್ತದೆ. ಮೇಲೆ ಮಾತ್ರ ನೇರಳೆ ಹೂವಿನ ಹಾಸು. ಡ್ರಾಸೆರಾದ ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿಗಳು. ಬೆಳಗಿನ ಓರೆಬಿಸಿಲಿಗೆ ಅವು ಹೊಳೆಯುವುದನ್ನು ನೋಡಿ ಇಬ್ಬನಿ ಎಂದು ಭ್ರಮಿಸುವುದು ಸುಲಭ. ಹತ್ತು ಗಂಟೆಯ ಬಿಸಿಲಿಗೂ ಆರದಿದ್ದರೆ ಅದು ಅಂಟು ಎಂದು ತಿಳಿಯಬೇಕು. ಇವುಗಳ ನಡುವೆ ಎರಿಯೊಕಾಲನ್‌ನ ಬಿಳಿ ಗುಂಡಿಗಳು. ನೀರು ಆರುವ ಮೊದಲು ಹೂ ಬಿಟ್ಟು, ಬೀಜ ಕಟ್ಟಿ, ಉದುರಿಸಿ ಮುಗಿಸಬೇಕಾದ ಅವಸರ ಇವಕ್ಕೆಲ್ಲ. ಡಿಸೆಂಬರ್‌ನಲ್ಲಿ ಬಂದವರಿಗೆ ಇದರ ಗುರುತೂ ಸಿಗುವುದಿಲ್ಲ.

"ಗುಡ್ಡಿ ಮೇಲ್ ಎಂತ ಇತ್ ಮರ್ರೆ ಕಾಂಬುಕೆ?" ಎಂದು ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಒಮ್ಮೆ ಕೇಳಿದರು. ನಾನು ಹೂ ತೋರಿಸಿದೆ. ಅವರು ಬಗ್ಗಿ ನೋಡಿ, ಕೋಲಿನ ತುದಿಯಿಂದ ಕಲ್ಲಿನ ಒಂದು ಸೀಳನ್ನು ತೋರಿಸಿದರು. ಹೂ ಹೋದ ಮೇಲೂ ಆ ಸೀಳಿನ ಅಂಚಿನಲ್ಲಿ ಹುಲ್ಲು ಹಸಿರಾಗಿರುತ್ತದೆಯಂತೆ. ಅದರ ನೇರಕ್ಕೆ ಗುಡ್ಡದ ಬುಡದಲ್ಲಿರುವ ಬಾವಿ ತಡವಾಗಿ ಬತ್ತುತ್ತದೆಯಂತೆ. ಅಂದಿನಿಂದ ಹುಲ್ಲಿನ ಬಣ್ಣ ನೋಡದೆ ನಾನು ಯಾವ ಗುಡ್ಡವನ್ನೂ ಹತ್ತಿಲ್ಲ.

ಈ ಕಣ್ಣು ಬಂದ ಮೇಲೆ ಕೊಡಚಾದ್ರಿ ಹತ್ತುವುದರ ರುಚಿಯೇ ಬೇರೆ. ಬೈಂದೂರಿನ ಕಡಲಿನಿಂದ ಅದು ನೇರ ಮೂಡಣಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 25 ಕಿಲೋಮೀಟರ್. ಎತ್ತರ 1343 ಮೀಟರ್. ಶಿಖರ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ, ಆದರೆ ಅಲ್ಲಿ ಹುಟ್ಟುವ ಸೌಪರ್ಣಿಕೆ ಬಂದು ಸೇರುವುದು ನಮ್ಮ ಕಡಲನ್ನು. ಗೋಳಿಹೊಳೆ, ಹಾಲ್ಕಲ್ ದಾಟಿ ಬೆಳಕು ಹರಿಯುವಷ್ಟರಲ್ಲಿ ಕೊಲ್ಲೂರು ಮುಟ್ಟಬೇಕು. ಕೊಲ್ಲೂರಿನ ಕಡೆಯಿಂದ ವಳೂರಿನ ಮೇಲೆ ಹಾಯುವ ಕಾಲುದಾರಿ ನನಗೆ ಅಚ್ಚುಮೆಚ್ಚು. ಕಟ್ಟಿನಹೊಳೆಯ ಕಡೆಯಿಂದ ಜೀಪುಗಳು ಏರುವ ರಸ್ತೆಯಲ್ಲಿ ಗುಡ್ಡದ ಯಾವ ಭಾಗವೂ ಮನಸ್ಸಿನಲ್ಲಿ ಉಳಿಯುವುದಿಲ್ಲ, ಕುಲುಕಾಟ ಮಾತ್ರ ಉಳಿಯುತ್ತದೆ. ನಡಿಗೆಯ ದಾರಿಯಲ್ಲಿ ಮೊದಲು ದಟ್ಟ ಕಾಡು, ಆಮೇಲೆ ವಳೂರಿನ ಮನೆ ತೋಟ, ಆಮೇಲೆ ನಿಜವಾದ ಏರು. ಮಾಮೂಲಿ ನಡೆಯುವವರಿಗೆ ನಾಲ್ಕೈದು ತಾಸು.

ಕಾಡು ಮುಗಿದು ಹುಲ್ಲುಗಾವಲು ತೆರೆಯುವ ಜಾಗದಲ್ಲಿ ನಿಲ್ಲದೆ ಮುಂದೆ ಹೋಗಬಾರದು. ಬೆನ್ನಿನ ಮೇಲೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ಅಕ್ಟೋಬರ್ ಕೊನೆಗೆ ಬೆನ್ನಿನ ನೆತ್ತಿಯ ಹುಲ್ಲು ತೆನೆ ಬಿಟ್ಟು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ನಡು ಇಳಿಜಾರಿನಲ್ಲಿ ಹಳದಿ ಬೆರೆತ ಹಸಿರು, ಶೋಲೆಯ ಅಂಚಿಗೆ ಇನ್ನೂ ಆಷಾಢದ ಹಸಿರು. ನೀರು ಇಳಿಯುತ್ತಿರುವ ನಕ್ಷೆ ಹೀಗೆ ಗುಡ್ಡದ ಮೈಮೇಲೆ ಬಣ್ಣಗಳಲ್ಲಿ ಬರೆದಿರುತ್ತದೆ. ಮೂರು ವಾರ ಬಿಟ್ಟು ಬಂದರೆ ಗೆರೆಗಳು ಕೆಳಗೆ ಸರಿದಿರುತ್ತವೆ. ಶೋಲೆಯ ಮರಗಳ ಬೇರು, ತರಗೆಲೆ, ಪಾಚಿ ಹಿಡಿದಿಟ್ಟ ನೀರೇ ಮುಂದೆ ಬೇಸಗೆಯಲ್ಲಿ ತೊರೆಗಳನ್ನು ಜೀವಂತ ಇಡುವುದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ನೋಡಿ ಫೋಟೊ ತೆಗೆಯುವವರಿಗೆ ಈ ಮಡಿಕೆಗಳನ್ನು ಒಮ್ಮೆಯಾದರೂ ತೋರಿಸಬೇಕೆಂದು ನನಗೆ ಆಸೆ.

ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಎದುರು ಒಂದು ಕಬ್ಬಿಣದ ಕಂಬವಿದೆ. ಹೆಚ್ಚಿನವರು ಕೈಮುಗಿದು ಸರ್ವಜ್ಞ ಪೀಠದತ್ತ ಹೊರಟುಬಿಡುತ್ತಾರೆ. ಕಂಬದ ಎದುರು ಹತ್ತು ನಿಮಿಷ ಕಳೆಯಿರಿ. ಘಟ್ಟದ ಮಳೆ, ಕಡಲಿನ ಉಪ್ಪುಗಾಳಿ ಎರಡನ್ನೂ ತಿಂದು ಅದು ನಿಂತಿದೆ. ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ ಈ ಕಂಬದ ಬಗ್ಗೆ 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಕೆಳಗಿನ ಹಕ್ಕಲಿನ ಕಲ್ಲಿನಲ್ಲೂ ಕಬ್ಬಿಣ, ಇಲ್ಲಿ ಕಂಬವಾಗಿ ನಿಂತಿರುವುದೂ ಕಬ್ಬಿಣ. ಅಲ್ಲಿಂದ ಸರ್ವಜ್ಞ ಪೀಠದ ಏರು ಬೋಳು, ನೆರಳಿಲ್ಲ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯ ಆ ಪುಟ್ಟ ಕಲ್ಲುಮಂಟಪದ ಬಳಿ ನಿಂತರೆ, ಮಳೆ ತೊಳೆದ ಗಾಳಿಯಲ್ಲಿ, ಪಡುವಣಕ್ಕೆ ಅರಬ್ಬಿ ಸಮುದ್ರ ಕಾಣುತ್ತದೆ. ಜನವರಿಯ ಮಬ್ಬಿನಲ್ಲಿ ಇದು ಇಷ್ಟು ಸ್ವಚ್ಛವಾಗಿ ಸಿಗುವುದು ಅಪರೂಪ.

ಸೂರ್ಯಾಸ್ತ ನೋಡದೆ ಇಳಿಯುವುದೇ ಎಂದು ಬೇಸರಪಡುವವರಿದ್ದಾರೆ. ಹೌದು, ಇಳಿಯಬೇಕು. ಮಧ್ಯಾಹ್ನ ಒಂದರೊಳಗೆ ಬೆನ್ನುಬಿಟ್ಟು ಹೊರಡುವುದು ನನ್ನ ನಿಯಮ. ಈ ತಿಂಗಳುಗಳಲ್ಲಿ ಮೋಡ ಕಟ್ಟುವುದು ಮಧ್ಯಾಹ್ನದ ಮೇಲೆ, ಅದೂ ಮೂಡಣದಿಂದ, ನಾವು ಪಡುವಣದ ಕಡಲು ನೋಡುತ್ತ ನಿಂತಾಗ ಬೆನ್ನ ಹಿಂದೆ. ಸ್ವಾತಿ ಮಳೆಯ ಸಿಡಿಲಿಗೆ ಬೋಳು ನೆತ್ತಿಯ ಮೇಲೆ ನಿಂತ ಮನುಷ್ಯನೇ ಎತ್ತರದ ವಸ್ತು. ಹೊತ್ತು ಆರಕ್ಕೆ ಮುಳುಗಿದರೂ ಕಾಡಿನೊಳಗೆ ಐದಕ್ಕೇ ಕತ್ತಲು.

ಈ ಐದಾರು ವಾರಗಳನ್ನು ನಾನು ಎತ್ತಿಹಿಡಿಯುವುದಕ್ಕೆ ಇನ್ನೊಂದು ಕಾರಣ ಉಂಬಳ ಮತ್ತು ಉಣುಗು. ಮಳೆಗಾಲದ ಉಂಬಳದ ಕಾಟ ನೆಲ ಆರುತ್ತಿದ್ದಂತೆ ತಗ್ಗುತ್ತದೆ, ಒದ್ದೆ ತರಗೆಲೆ ಇರುವ ಕಡೆ ಮಾತ್ರ ಉಳಿಯುತ್ತದೆ. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡರೆ ಸಾಕು. ಉಣುಗಿನ ಮರಿಗಳು ಹೆಚ್ಚುವುದು ಮುಂದಿನ ಒಣ ತಿಂಗಳುಗಳಲ್ಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಹಾಗೆಂದು ನವೆಂಬರ್‌ನಲ್ಲಿ ಉದಾಸೀನ ಬೇಡ. ಉದ್ದ ಪ್ಯಾಂಟು, ಅದರ ಮೇಲೆ ಎಳೆದ ಕಾಲುಚೀಲ, ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ.

ಬುತ್ತಿಗೆ ಕೊಟ್ಟೆ ಕಡುಬಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಲಸಿನೆಲೆಯೊಳಗೆ ಬೆಂದದ್ದು ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ, ತಟ್ಟೆ ಬೇಡ, ಎಲೆಯನ್ನು ವಾಪಸು ತರುವುದೂ ಸುಲಭ. ಜೊತೆಗೆ ಒಂದು ಅಚ್ಚು ಬೆಲ್ಲ. ನೀರು ಮಾತ್ರ ಧಾರಾಳವಾಗಿ ಹೊತ್ತೊಯ್ಯಬೇಕು. ತೊರೆಗಳು ಹರಿಯುತ್ತಿವೆ ಎಂಬ ಧೈರ್ಯ ಹುಲ್ಲುಗಾವಲಿನ ಮೇಲೆ ಕೈಕೊಡುತ್ತದೆ.

ಕೊಡಚಾದ್ರಿಯ ದಾರಿ ಮೂಕಾಂಬಿಕಾ ಅಭಯಾರಣ್ಯದೊಳಗೆ ಹಾಯುತ್ತದೆ, ಅನುಮತಿ ಇಲ್ಲದೆ ಹೊರಡಬಾರದು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣದಾರಿಗಳಿಗೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸುವ ಕ್ರಮ ತಂದಿತು. ಕೆಲವರಿಗೆ ಇದು ಕಿರಿಕಿರಿ. ಹುಲ್ಲುಗಾವಲಿನ ಕಾಲುದಾರಿ ಒಂದೇ ಮಳೆಗಾಲದಲ್ಲಿ ಆಳುದ್ದದ ಕೊರಕಲಾಗುವುದನ್ನು ಕಂಡ ನಾನು ಅದರ ಪರ. ಅಭಯಾರಣ್ಯಕ್ಕೆ ಇಷ್ಟಾದರೂ ಕಾವಲಿದೆ. ನಮ್ಮ ಹಕ್ಕಲುಗಳಿಗೆ ಅದೂ ಇಲ್ಲ. ಕಾಗದದಲ್ಲಿ ಅವು ಬರಡು ಭೂಮಿ, ಆದ್ದರಿಂದ ಅಕೇಶಿಯಾ ನೆಡುವುದಕ್ಕೋ ಕಲ್ಲು ಕಡಿಯುವುದಕ್ಕೋ ಒದಗುವ ಜಾಗ. ಅಕೇಶಿಯಾದ ತರಗು ಬಿದ್ದಲ್ಲಿ ಆ ನೇರಳೆ ಹೂಗಳ ಹಾಸು ಮತ್ತೆ ಏಳುವುದಿಲ್ಲ. ಕಲ್ಲು ಕಡಿದ ಹೊಂಡದಲ್ಲಿ ನೀರೇನೋ ನಿಲ್ಲುತ್ತದೆ, ಎರಡು ಬೆರಳಿನ ಆ ಮಣ್ಣು ಮಾತ್ರ ನಮ್ಮ ಕಾಲದಲ್ಲಿ ವಾಪಸು ಬಾರದು.

ಈ ವಾರ ಕೊಡಚಾದ್ರಿ ಆಗದವರು ಬೈಂದೂರಿನ ಒತ್ತಿನೆಣೆಗೆ ಹೋಗಿ. ಎಲ್ಲರೂ ಸಂಜೆ ಹೋಗಿ ಕಡಲಿನ ಕಡೆ ಮುಖ ಮಾಡಿ ಕೂರುತ್ತಾರೆ. ನೀವು ಬೆಳಿಗ್ಗೆ ಏಳಕ್ಕೆ ಹೋಗಿ, ಕಡಲಿಗೆ ಬೆನ್ನು ಹಾಕಿ, ಮುರಕಲ್ಲಿನ ಮೇಲೆ ನಿಧಾನವಾಗಿ ನಡೆಯಿರಿ. ಗುಳಿಗಳಲ್ಲಿ ಎಷ್ಟು ನೀರಿದೆ ನೋಡಿಕೊಂಡು ಬನ್ನಿ. ಮುಂದಿನ ವಾರ ಅಲ್ಲಿಗೇ ಮತ್ತೊಮ್ಮೆ ಹೋಗಿ.