ಅಡಿಟಿಪ್ಪಣಿಯಿಂದ ಓದಿ ನೋಡಿ

ಇತಿಹಾಸದಲ್ಲಿ ಎಂ.ಎ. ಮಾಡಲು ಹೊರದೇಶಕ್ಕೆ ಅರ್ಜಿ ಹಾಕುವ ಮಕ್ಕಳು ಪ್ರತಿವರ್ಷ ನನ್ನ ಬಳಿ ಬರುತ್ತಾರೆ. ಅರ್ಜಿಯ ಜೊತೆ ಬರವಣಿಗೆಯ ಮಾದರಿ ಕೇಳಿದ್ದಾರೆ, ಯಾವುದನ್ನು ಕಳಿಸಲಿ ಎಂಬುದು ಪ್ರಶ್ನೆ. ಕೈಯಲ್ಲಿರುವುದು ಮಾತ್ರ ಹೆಚ್ಚು ಅಂಕ ಬಂದ ಪ್ರಬಂಧ: ವಿಜಯನಗರದ ವೈಭವ, ಸೇರಿನಲ್ಲಿ ಅಳೆದ ಮುತ್ತುರತ್ನ, ಕೊನೆಗೆ ತಾಳಿಕೋಟೆಗೆ ಒಂದಿಷ್ಟು ಕಣ್ಣೀರು. ಇದಕ್ಕೆ ಚಪ್ಪಾಳೆ ತಟ್ಟುವವರು ಬೇಕಾದಷ್ಟಿದ್ದಾರೆ. ಇದು ಭಾಷಣ ಸ್ಪರ್ಧೆಗೆ ಸರಿ. ಇತಿಹಾಸದ ರುಚಿ ಹತ್ತಿದವರು ಎರಡನೇ ಪುಟಕ್ಕೂ ಹೋಗುವುದಿಲ್ಲ.

ನಾನು ಯಾವ ಪ್ರಬಂಧವನ್ನೂ ಅಡಿಟಿಪ್ಪಣಿಯಿಂದಲೇ ಓದಲು ಶುರುಮಾಡುತ್ತೇನೆ. ಬರೆದವರು ಮೂಲ ಆಕರದ ಹತ್ತಿರ ಹೋಗಿದ್ದಾರೋ, ಬೇರೆಯವರು ಹೇಳಿದ್ದನ್ನು ನಂಬಿ ಕೂತಿದ್ದಾರೋ ಎಂಬುದು ಅಲ್ಲಿ ಗೊತ್ತಾಗಿಬಿಡುತ್ತದೆ. ಈ ಚಟ ಹತ್ತಿಸಿದವರು ನಮ್ಮ ಮೇಷ್ಟ್ರು. ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವನ್ನು ಎಪಿಗ್ರಾಫಿಯಾ ಕರ್ನಾಟಿಕ ಎರಡನೇ ಸಂಪುಟ ತೆರೆದು ಸಾಲುಸಾಲಾಗಿ ಓದಿಸಿದರು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು, ಅರಸ ಇವರ ಕೈಯನ್ನು ಅವರ ಕೈಯಲ್ಲಿಟ್ಟು ರಾಜಿ ಮಾಡಿಸಿದ. ಇಷ್ಟನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆವು. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ರಾಜ್ಯದ ಜೈನರು ಮನೆಗೆ ಒಂದರಂತೆ ವರ್ಷಕ್ಕೊಂದು ಹಣ (ಆಗಿನ ಒಂದು ನಾಣ್ಯ) ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ 20 ಕಾವಲಾಳುಗಳನ್ನಿಟ್ಟು, ಮಿಕ್ಕಿದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಇದನ್ನೆಲ್ಲ ಮಾಡಿಸುವವನು ತಿರುಮಲೆಯ ತಾತಯ್ಯ, ಶ್ರೀವೈಷ್ಣವರ ಕಡೆಯವನು! ದೂರು ಕೊಟ್ಟವರು ಜೈನರು, ದುಡ್ಡೂ ಅವರದೇ. ಕಾವಲು ಮಾತ್ರ ಎದುರು ಪಕ್ಷದ್ದು. ಇದು ರಕ್ಷಣೆಯೋ, ಹಿಡಿತವೋ? ಆ ಹಣ ನಿಜಕ್ಕೂ ವಸೂಲಾಯಿತೇ? ‘ಪರಮತ ಸಹಿಷ್ಣುತೆ’ ಎಂಬ ಎರಡು ಪದದಲ್ಲಿ ಮುಗಿದಿದ್ದ ಪಾಠ ಆವತ್ತು ನಮ್ಮೆದುರು ಜೀವಂತವಾಗಿ ಎದ್ದು ನಿಂತಿತು. ನಾನು ಇತಿಹಾಸಕ್ಕೆ ಬಿದ್ದದ್ದು ಆಗಲೇ.

ಹಾಗೆ ಒಂದು ಹಣದ ಬೆನ್ನು ಹತ್ತಿ ಹೋದ ಬರಹ ನಿಮ್ಮಲ್ಲಿದ್ದರೆ ಬೇರೆ ಯೋಚನೆ ಬೇಡ. ಅದರಲ್ಲಿ ಹಿಂದಿನ ವಿದ್ವಾಂಸರೊಬ್ಬರ ಮಾತನ್ನು ಹೆಸರು ಹೇಳಿ, ಗೌರವದಿಂದಲೇ ಒಪ್ಪದೆ, ಕಾರಣ ಕೊಟ್ಟಿದ್ದೀರಾ? ಶಾಸನ ಯಾವುದರ ಬಗ್ಗೆ ಬಾಯಿ ಬಿಡುವುದಿಲ್ಲ ಎಂಬುದನ್ನೂ ಬರೆದಿದ್ದೀರಾ? ಓದುವವರು ಹುಡುಕುವುದು ಇದನ್ನೇ. ಹತ್ತು ಶತಮಾನಗಳನ್ನು ಎಂಟು ಪುಟಕ್ಕೆ ತುರುಕಿದ ಪ್ರಬಂಧದಲ್ಲಿ ಇದಕ್ಕೆಲ್ಲ ಜಾಗವೇ ಇರುವುದಿಲ್ಲ.

ಉಳಿದದ್ದು ಸಣ್ಣ ವಿಷಯ. ಪುಟದ ಮಿತಿ ಮೀರಬೇಡಿ. ದೊಡ್ಡ ಪ್ರಬಂಧದ ಒಂದು ಅಧ್ಯಾಯ ಕಳಿಸುವುದಾದರೆ ಅದು ಎಲ್ಲಿಂದ ಬಂತು, ಹಿಂದೆ ಮುಂದೆ ಏನಿದೆ ಎಂದು ಮೊದಲಲ್ಲೇ ನಾಲ್ಕು ಸಾಲು ಬರೆಯಿರಿ. ಮಾದರಿಯ ವಿಷಯ ನೀವು ಮುಂದೆ ಓದಬೇಕೆಂದಿರುವ ವಿಷಯವೇ ಆಗಿರಬೇಕೆಂದಿಲ್ಲ. ಅಂಕ ಕಡಿಮೆ ಬಂದಿದ್ದರೂ, ಪತ್ರಾಗಾರದ ಕಡತವನ್ನೋ ಶಾಸನವನ್ನೋ ನೀವೇ ಕೂತು ಓದಿ ಬರೆದದ್ದನ್ನು ಆರಿಸಿ. ನಿಮ್ಮ ಮೇಷ್ಟ್ರು ಅಂಚಿನಲ್ಲಿ ಗೀಚಿದ ಆಕ್ಷೇಪಗಳಿಗೆಲ್ಲ ಉತ್ತರ ಸೇರಿಸಿ, ಮತ್ತೊಮ್ಮೆ ತಿದ್ದಿ ಕಳಿಸಿ.