ಮಾತು ನಿಂತ ಕಡೆಯ ಸಂಗೀತ

ದಕ್ಷಿಣ ಭಾರತದ ಚಿತ್ರರಂಗದಲ್ಲಿ ಸಂಗೀತ ನಿರ್ದೇಶಕನನ್ನು ಅವನ ಹಾಡುಗಳಿಂದಲೇ ಅಳೆಯುವ ರೂಢಿ ಬಲವಾಗಿರುವುದರಿಂದ, ಸಂಕಲನ ಮುಗಿದ ಮೇಲೆ ಒಂದೊಂದೇ ರೀಲನ್ನು ನೋಡುತ್ತ ದೃಶ್ಯಕ್ಕೆ ತಕ್ಕ ವಾದ್ಯಸಂಗೀತವನ್ನು ರಚಿಸಿ ನುಡಿಸಿ ಕೂಡಿಸುವ ಕೆಲಸ, ಅಂದರೆ ಚಿತ್ರರಂಗದವರು ರೀರೆಕಾರ್ಡಿಂಗ್ ಎಂದು ಕರೆಯುವ ಹಿನ್ನೆಲೆ ಸಂಗೀತದ ಕಸುಬು, ವಿಮರ್ಶಕರ ಗಮನಕ್ಕೆ ಬರುವುದು ಅಪರೂಪ. 2007ರಲ್ಲಿ ನಿಧನರಾದ ಎಲ್. ವೈದ್ಯನಾಥನ್ ಅವರ ನಿಜವಾದ ಎತ್ತರ ಕಾಣುವುದು ಈ ಕಸುಬಿನಲ್ಲಿಯೇ.

ಪಿಟೀಲು ವಿದ್ವಾಂಸ ವಿ. ಲಕ್ಷ್ಮೀನಾರಾಯಣ ಅವರ ಮಗ, ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣನಾದ ವೈದ್ಯನಾಥನ್, ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದವರು. ತಮಿಳಿನ 'ಏಳಾವದು ಮನಿದನ್' ಚಿತ್ರದಲ್ಲಿ ಭಾರತಿಯವರ ಕವಿತೆಗಳಿಗೆ ರಾಗ ಸಂಯೋಜಿಸಿದ ಅವರಿಗೆ ಸಾಹಿತ್ಯದ ಹಂಗು ಹೊಸದೇನಲ್ಲ.

ಆದರೂ ಕನ್ನಡಿಗರ ಕಿವಿಯಲ್ಲಿ ಉಳಿದಿರುವುದು ಸಾಹಿತ್ಯವೇ ಇಲ್ಲದ ರಚನೆ. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಶೀರ್ಷಿಕೆ ಸಂಗೀತ, ಅಂದರೆ ಹೆಸರುಗಳು ತೆರೆಯ ಮೇಲೆ ಬರುವಾಗ ಕೇಳಿಸುವ ಸ್ವರಗುಚ್ಛ, 'ತಾನನ' ಎಂಬಂಥ ಅರ್ಥವಿಲ್ಲದ ಅಕ್ಷರಗಳಲ್ಲಿಯೇ ಸಾಗುತ್ತದೆ. ಚಿತ್ರಮಂದಿರದ ಪ್ರೇಕ್ಷಕ ಕತ್ತಲಲ್ಲಿ ಕುಳಿತೇ ಇರುತ್ತಾನೆ. ಟೀವಿಯ ಶೀರ್ಷಿಕೆ ಸಂಗೀತವಾದರೋ ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ ಇರುವವರನ್ನು ಕರೆದು ಕೂರಿಸಬೇಕು, ಕಂತಿನ ಮೇಲೆ ಕಂತು ಕೇಳಿದರೂ ಹಳಸದಂತಿರಬೇಕು. ಪದಗಳಿದ್ದಿದ್ದರೆ ಅದು ಯಾವುದೋ ಒಂದು ಭಾಷೆಗೆ ಸೇರಿಬಿಡುತ್ತಿತ್ತು. ಇಂಗ್ಲಿಷಿನಲ್ಲಿ ಬರೆದ ಕಥೆಗಳು ಹಿಂದಿ ಮಾತಾಡುತ್ತ ಮಲೆನಾಡಿನ ಬೀದಿಯಲ್ಲಿ ನಡೆಯುವ ಆ ವಿಚಿತ್ರ ಸಂಗಮವನ್ನು ಒಂದಾಗಿ ಹಿಡಿದಿಟ್ಟದ್ದರಲ್ಲಿ ಆ ತಾನನದ ಪಾಲು ದೊಡ್ಡದು.

ಇದಕ್ಕಿಂತ ಕಠಿಣವಾದ ಪರೀಕ್ಷೆ 1987ರ 'ಪುಷ್ಪಕ ವಿಮಾನ'. ಸಿಂಗೀತಂ ಶ್ರೀನಿವಾಸ ರಾವ್ ಅವರ ಈ ಚಿತ್ರದಲ್ಲಿ ಸಂಭಾಷಣೆ ಇಲ್ಲ, ಆದರೆ ಸದ್ದುಗಳು ತುಂಬಿಕೊಂಡಿವೆ. ಚಿತ್ರಮಂದಿರದ ಪಕ್ಕದ ಕೋಣೆಯಲ್ಲಿ ಬದುಕಿದ ನಾಯಕನಿಗೆ ತಾರಾ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಹತ್ತುವುದಿಲ್ಲ. ಹೊಡೆದಾಟದ ಸದ್ದನ್ನು ಧ್ವನಿಮುದ್ರಿಸಿ ತಂದು ಹಾಕಿಕೊಂಡಾಗಲೇ ಕಣ್ಣು ಮುಚ್ಚುತ್ತಾನೆ. ಗದ್ದಲವೇ ಜೋಗುಳವಾಗುವ ಇಂಥ ಕಥೆಯಲ್ಲಿ, ಮಾತಿಲ್ಲದ ಜಾಗವನ್ನೆಲ್ಲ ವಾದ್ಯಗಳಿಂದ ತುಂಬುವ ಆಸೆ ಸಂಯೋಜಕನಿಗೆ ಸಹಜ, ಆದರೆ ಹಾಗೆ ತುಂಬಿದರೆ ಕಥೆಯೇ ಮುಳುಗುತ್ತದೆ. ಹಿನ್ನೆಲೆ ಸಂಗೀತದ ವಿವೇಕ ಎಂಬುದು ಎಲ್ಲಿ ನುಡಿಸಬೇಕೆಂಬುದಕ್ಕಿಂತ ಹೆಚ್ಚಾಗಿ ಎಲ್ಲಿ ವಾದ್ಯವನ್ನು ಕೆಳಗಿಡಬೇಕೆಂಬ ಅರಿವು, ಮತ್ತು ಆ ಅರಿವು ವೈದ್ಯನಾಥನ್ ಅವರಲ್ಲಿ ಧಾರಾಳವಾಗಿತ್ತು.

'ತಬರನ ಕಥೆ' ಚಿತ್ರಕ್ಕೆ ವೈದ್ಯನಾಥನ್ ಅವರಿಂದ ಸಂಗೀತ ಮಾಡಿಸಿದ ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಮುಂದೆ 'ಮನೆ'ಗೂ ಅವರನ್ನೇ ಕರೆದರು. ಅಲ್ಲಿ ಗದ್ದಲ ಜೋಗುಳವಲ್ಲ: ಹಳ್ಳಿಯಿಂದ ನಗರಕ್ಕೆ ಬಂದು ಬಾಡಿಗೆ ಮನೆ ಹಿಡಿದ ದಂಪತಿಯ ನಿದ್ದೆಯನ್ನು ಪಕ್ಕದ ಶೆಡ್ಡಿನ ಲೋಹದ ಬಡಿತ ಕೆಡಿಸುತ್ತದೆ.